ಪಿಎಚ್‌ಡಿಗೆ ಎಐ ಮೊದಲಾ, ನಕ್ಷೆ ಮೊದಲಾ?

ನೀವು ಕೇಳಿದ್ದು ಇಷ್ಟು: ಕನ್ನಡ ಎಂ.ಎ. ಮುಗಿದಿದೆ. ಉತ್ತರ ಕನ್ನಡದ ಅಘನಾಶಿನಿ ನದಿ ದಂಡೆಯ ಊರುಗಳ ಮೇಲೆ ಇತಿಹಾಸ, ಜಾನಪದ, ಪರಿಸರ ಸೇರಿಸಿ ಪಿಎಚ್‌ಡಿ ಮಾಡಬೇಕು. ಎಲ್ಲರೂ ಎಐ ಅಂತಿದ್ದಾರೆ, ಯಾವುದರಿಂದ ಶುರು ಮಾಡಲಿ, ಕೋಡಿಂಗ್ ಬರಲೇಬೇಕಾ?

ನಾನು ಕುಮಟಾದವನು. ಇದೇ ನದಿ ಬಯಲಿನ ಹಳೆ ಕಾಗದ, ಹಾಡು, ಗದ್ದೆ ಹೆಸರುಗಳ ಹಿಂದೆ ಬಿದ್ದವನು. ನಕ್ಷೆಯಿಂದ ಶುರು ಮಾಡಿ. ಎಐ ಆಮೇಲೆ.

ಜಾನಪದದವರ ಹತ್ತಿರ ಹಾಡಿದೆ. ಇತಿಹಾಸದವರ ಹತ್ತಿರ ಕಾಗದ ಇದೆ. ಕೃಷಿಯವರ ಹತ್ತಿರ ಭತ್ತದ ತಳಿ ಇದೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಲೆಗೆ ಹತ್ತುವುದಿಲ್ಲ. ಆದರೆ ಮೂರಕ್ಕೂ ಒಂದು ಊರಿದೆ, ಒಂದು ಕಾಲ ಇದೆ ಅಲ್ವಾ? ಅದನ್ನು ಹಿಡಿದು ಮೂರನ್ನೂ ಒಂದೇ ನಕ್ಷೆಗೆ ತನ್ನಿ. ಕ್ಯೂಜಿಐಎಸ್ (QGIS) ಅನ್ನುವ ನಕ್ಷೆ ಮಾಡುವ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ, ಕೋಡಿಂಗೂ ಬೇಡ.

ಮಾಣಿಕಟ್ಟಾ ಕಡೆಯ ಗಜನಿ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆ ನೋಡಿ. ಮಳೆಗಾಲದಲ್ಲಿ ಕಗ್ಗ ಭತ್ತ, ಆಮೇಲೆ ಸಿಗಡಿ, ಮೀನು. ಕಗ್ಗ ಉಪ್ಪುನೀರು ತಡೆಯುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಒಡ್ಡು ಯಾರು ರಿಪೇರಿ ಮಾಡಬೇಕು, ಉಬ್ಬರದ ನೀರನ್ನು ಯಾವಾಗ ಒಳಗೆ ಬಿಡಬೇಕು ಅನ್ನುವುದು ಗದ್ದೆಯವರು ಕೂಡಿ ತೀರ್ಮಾನಿಸುವ ವಿಷಯ. ಇದು ಬೇಸಾಯವೂ ಹೌದು, ಊರಿನ ಕಟ್ಟಳೆಯೂ ಹೌದು, ಕಡಲಿನ ಲೆಕ್ಕಾಚಾರವೂ ಹೌದು. ಒಂದೇ ವಿಭಾಗದಲ್ಲಿ ಕೂತು ಇದನ್ನು ಓದಿ ಮುಗಿಸಲು ಆಗುವುದಿಲ್ಲ.

ಇಲ್ಲಿ ಉಪಗ್ರಹ ಚಿತ್ರ ತುಂಬ ಸಹಾಯ ಮಾಡುತ್ತದೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ ಇವೆ, ಪುಕ್ಕಟೆ ಸಿಗುತ್ತವೆ. ಆದರೆ ಶುರುವಿನವು ಒರಟು, ಸಣ್ಣ ಗದ್ದೆ ಗೊತ್ತಾಗುವುದಿಲ್ಲ. 2015ರಲ್ಲಿ ಹಾರಿಬಿಟ್ಟ ಉಪಗ್ರಹ ಸೆಂಟಿನೆಲ್-2ರಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್. ಅದೂ ಆಷಾಢದಲ್ಲಿ ಕೈಕೊಡುತ್ತದೆ. ಕಗ್ಗ ನಿಂತಿರುವ ಹೊತ್ತಿಗೇ ನಮ್ಮಲ್ಲಿ ಮೋಡ ಕವಿದಿರುತ್ತದೆ. ಅದಕ್ಕೇ ಸೆಂಟಿನೆಲ್-1 ಹಿಡಿಯಿರಿ. ಅದು ರಾಡಾರ್, ಮೋಡ ಇದ್ದರೂ ನೆಲ ಕಾಣಿಸುತ್ತದೆ. ಅಲುಗಾಡದೆ ನಿಂತ ನೀರು ಅದರಲ್ಲಿ ಕಪ್ಪಗೆ ಬೀಳುತ್ತದೆ. ಯಾವ ಗಜನಿಯಲ್ಲಿ ನೀರು ಸುಮಾರು ಎಷ್ಟು ದಿನ ನಿಂತಿತು ಅಂತ ವರ್ಷ ವರ್ಷ ಹೋಲಿಸಬಹುದು. ಒಡ್ಡು ಒಡೆದು ಹಾಗಾಯಿತಾ, ಆಳು ಸಿಗದೆ ಬೇಸಾಯ ಬಿಟ್ಟು ಹಾಗಾಯಿತಾ ಅಂತ ಮಾತ್ರ ಊರಿಗೆ ಹೋಗಿಯೇ ಕೇಳಬೇಕು. ಚಿತ್ರದ ಪ್ರಿಂಟ್ ತೆಗೆದುಕೊಂಡು ಹೋಗಿ. ಸುಮ್ನೆ ಪ್ರಶ್ನೆ ಕೇಳಿದರೆ ಎರಡು ಮಾತಿನಲ್ಲಿ ಮುಗಿಸುವವರು, ಪ್ರಿಂಟಿನ ಮೇಲೆ ಬೆರಳಿಟ್ಟು ತಮ್ಮ ಗದ್ದೆ ಹುಡುಕತೊಡಗಿದರೆ ಗಂಟೆಗಟ್ಟಲೆ ಹೇಳುತ್ತಾರೆ.

ಕಾಗದಪತ್ರದ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಯ ಕಷ್ಟ ಬೇರೆಯೇ. 1862ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು, ಆಮೇಲೆ ಬಾಂಬೆಗೆ, 1956ರಲ್ಲಿ ಮೈಸೂರಿಗೆ. ಹಾಗಾಗಿ ಹಳೆ ದಾಖಲೆ ಚೆನ್ನೈಯಲ್ಲಷ್ಟು, ಮುಂಬೈಯಲ್ಲಷ್ಟು. ಹೈದರಾಲಿ ದಾಳಿ ಮಾಡಿದಾಗ ಶಿರಸಿ ಹತ್ತಿರದ ಸೋದೆಯ ಅರಸರು ಗೋವಾಕ್ಕೆ ಹೋದರು, ಆ ಕಥೆಗೆ ಪಣಜಿಯ ಪೋರ್ಚುಗೀಸ್ ಕಾಗದ ನೋಡಬೇಕು. ಇವನ್ನೆಲ್ಲ ಒಂದೇ ಮೇಜಿನ ಮೇಲೆ ತರುವುದು ಸ್ಕ್ಯಾನ್‌ನಿಂದ ಮಾತ್ರ ಸಾಧ್ಯ. 1883ರ ಬಾಂಬೆ ಗೆಝೆಟಿಯರ್‌ನ ಕೆನರಾ ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲೇ ಇದೆ, ಇವತ್ತೇ ಇಳಿಸಿಕೊಳ್ಳಿ. ಕೈಬರಹವನ್ನು ಯಂತ್ರದಿಂದ ಓದಿಸಲು ಟ್ರಾನ್ಸ್‌ಕ್ರಿಬಸ್ ಇದೆ. ಮೊದಲು ನೀವೇ ಹತ್ತಾರು ಪುಟ ಓದಿ ಟೈಪ್ ಮಾಡಿ ಅದಕ್ಕೆ ಕಲಿಸಬೇಕು. ಶಿರಸಿ, ಸಿದ್ದಾಪುರ ಕಡೆಯ ಹವ್ಯಕರ ಮನೆಗಳಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಆ ಲಿಪಿ ಕಂಪ್ಯೂಟರಿನ ಅಕ್ಷರ ಪಟ್ಟಿಯಾದ ಯೂನಿಕೋಡ್‌ಗೆ ಸೇರಿದ್ದೇ 2024ರಲ್ಲಿ. ಅಲ್ಲಿ ಯಂತ್ರಕ್ಕಿಂತ ಲಿಪಿ ಬಲ್ಲವರೇ ಈಗಲೂ ಜಾಸ್ತಿ ಬೇಕು.

ಹಾಡು ಮತ್ತು ಮಾತಿನ ವಿಷಯದಲ್ಲಿ ನನಗೆ ನಿಜಕ್ಕೂ ಆತಂಕ ಇದೆ. ಧ್ವನಿಯನ್ನು ಅಕ್ಷರ ಮಾಡುವ ಎಐ ಹೆಚ್ಚಾಗಿ ಪೇಟೆಯ, ಪುಸ್ತಕದ ಕನ್ನಡ ಕೇಳಿ ಕಲಿತದ್ದು. ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಹಾಡು ಕೇಳಿಸಿದರೆ ಗೊತ್ತಿಲ್ಲದ ಪದ ಬಂದಾಗ ತನಗೆ ಗೊತ್ತಿರುವ ಪದ ಬರೆದು ಮುಂದೆ ಹೋಗುತ್ತದೆ. ತಪ್ಪಾಗಿದೆ ಅಂತ ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಂಥವರ ಹಾಡಿನಲ್ಲಿ ನಮಗೆ ಬೇಕಿರುವುದೇ ಆ ಪದಗಳು. ಅದಕ್ಕೇ ಈಲಾನ್ (ELAN) ಅನ್ನುವ ತಂತ್ರಾಂಶ ಬಳಸಿ. ಧ್ವನಿಯ ಪಕ್ಕದಲ್ಲೇ ಸಾಲು ಸಾಲಾಗಿ ಬರೆಯುತ್ತಾ ಹೋಗಬಹುದು, ಅನುಮಾನ ಬಂದರೆ ಆ ತುಣುಕನ್ನೇ ಮತ್ತೆ ಕೇಳಬಹುದು. ಎಐ ಕೊಟ್ಟ ಕರಡು ಇಟ್ಟುಕೊಂಡರೂ ಹಾಡಿದವರ ಎದುರು ಓದಿ ತಿದ್ದಿ. ಜಾಲದಲ್ಲಿ ಹಾಕುವ ಮೊದಲು ಅವರನ್ನು ಕೇಳಿ. ಒಂದು ಪ್ರತಿ ಅವರ ಮನೆಯ ಮೊಬೈಲಿಗೂ ಹಾಕಿ ಕೊಡಿ.

ಇನ್ನು ಮೊದಲ ತಿಂಗಳ ಕೆಲಸ. ಒಂದು ಎಕ್ಸೆಲ್ ಹಾಳೆ ಮಾಡಿ: ಗದ್ದೆಯ ಹೆಸರು, ಸರ್ವೆ ನಂಬರ್, ಹೇಳಿದವರು, ಯಾವ ಕಾಲದ ಮಾತು, ಎಲ್ಲಿ ಸಿಕ್ಕಿತು. ಮೊಬೈಲಿಗೆ ಕ್ಯೂಜಿಐಎಸ್ ಜೊತೆ ಹೊಂದುವ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಂಡರೆ ಗದ್ದೆಯ ಬದುವಿನ ಮೇಲೆ ನಿಂತೇ ಜಾಗ ಗುರುತು ಮಾಡಬಹುದು. ಒಂದೇ ಊರು ಸಾಕು. ಹಾಳೆ ಒಂದಿಷ್ಟು ತುಂಬಿದ ಮೇಲೆ ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗಕ್ಕೆ ಹೋಗಿ. ನಕ್ಷೆ ತೋರಿಸಿ, ಈ ನಾಲ್ಕು ಗದ್ದೆಗಳ ನೀರಿನ ಉಪ್ಪು ಮಳೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆಯೋಣವಾ ಅಂತ ಕೇಳಿ.