ಅಂಕಿತ ಅಳಿಸಿ ವಚನ ಬರೆಯಬೇಡಿ: ಸುರಪುರದಿಂದ ಲೇಖನ ಕಳಿಸಿದವರಿಗೆ

ಸುರಪುರದ ಸೋದರಿಗೆ, ಶರಣು.

‘ಯುಗಯುಗಗಳಲ್ಲಿ ಹೆಣ್ಣು’ ಲೇಖನ ಕಲಬುರಗಿಗೆ ಬಂದು ತಲುಪಿದೆ. 14 ಪುಟ, ಪಂಪನಿಂದ ಬಾನು ಮುಷ್ತಾಕ್‌ವರೆಗೆ 31 ಹೆಸರು. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲಿಕ್ಕೆ ಆಗುವುದಿಲ್ಲ. ‘ಸ್ಥಳಾಭಾವ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ 5ನೇ ಪುಟದಲ್ಲಿ ಶರಣೆ, ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ಮೇಲೆ ಆರು ಸಾಲು ಇವೆ. ಅವು ಖರೆ ನಿಮ್ಮವು. ಉಳಿದದ್ದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಆ ಆರು ಸಾಲಿನ ಸಲುವಾಗಿ ಇಷ್ಟುದ್ದ ಉತ್ತರ.

ಲೇಖನದ ವಾದ ಹೀಗಿದೆ: ಹಳಗನ್ನಡದಲ್ಲಿ ಹೆಣ್ಣು ಭೋಗವಸ್ತು, ಶರಣರ ಕಾಲಕ್ಕೆ ಎಚ್ಚೆತ್ತಳು, ಆಮೇಲೆ ಮತ್ತೆ ಮನೆ ಸೇರಿದಳು, ನವೋದಯದಲ್ಲಿ ಕಣ್ಣೀರಿಟ್ಟಳು, ಬಂಡಾಯದಲ್ಲಿ ಎದ್ದು ನಿಂತಳು. ಈ ಮೆಟ್ಟಿಲನ್ನು ಪರೀಕ್ಷೆಯ ಗೈಡುಗಳು ಕಟ್ಟಿ ಬಹಳ ವರ್ಷವಾಯಿತು. ಕೃತಿಗಳನ್ನು ಅದರ ಮೇಲೆ ಹತ್ತಿಸಲಿಕ್ಕೆ ಹೋದರೆ ಒಂದೂ ನಿಲ್ಲುವುದಿಲ್ಲ. ನೀವೇ ಹೆಸರಿಸಿದ ಎರಡು ಕಾದಂಬರಿ ತೆಗೆದುಕೊಳ್ಳಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು; ಅದರ ಎಳೆಯ ವಿಧವೆ ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರದು. ಅದರ ಬಾಲವಿಧವೆ ಕಡೆತನಕ ವಿಧವೆಯಾಗಿಯೇ ಬಾಳುತ್ತಾಳೆ. ನಿಮ್ಮ ಮೆಟ್ಟಿಲಿನ ಲೆಕ್ಕದಲ್ಲಿ ಇದು ತಿರುಗಾಮುರುಗಾ ಆಗಬೇಕಿತ್ತು. ಆಗಲಿಲ್ಲ ಯಾಕೆ? ಒಂದು, ಬರೆದ ಕಾಲ ಬೇರೆ, ಕಥೆ ನಡೆಯುವ ಕಾಲ ಬೇರೆ. ಫಣಿಯಮ್ಮನ ಬದುಕು ಕಾದಂಬರಿ ಬರೆಯುವ ಎಷ್ಟೋ ಮುಂಚಿನದು. ಎರಡು, ಮೊದಲನೆಯದು ಸುಧಾರಣೆಯ ಪರವಾಗಿ ವಾದ ಹೂಡಿದ ಪುಸ್ತಕ, ಮದುವೆಯೇ ಅದರ ಗೆಲುವು. ಎರಡನೆಯದು ಒಂದು ಜೀವ ಹೇಗೆ ದಿನ ನೂಕಿತು ಎಂದು ನೋಡುವ ಪುಸ್ತಕ. ಇಸವಿಯೊಂದನ್ನೇ ನೋಡಿದರೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಇನ್ನು ತಪ್ಪುಗಳು. ಇವನ್ನು ಮುಚ್ಚಿಟ್ಟು ನಿಮಗೆ ಉಪಕಾರವಿಲ್ಲ.

2ನೇ ಪುಟದಲ್ಲಿ ‘ಪಂಪನ ದ್ರೌಪದಿ ಐವರ ನಡುವೆ ನಲುಗಿದವಳು’ ಎಂದಿದ್ದೀರಿ. ಪಂಪಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನ ಜೊತೆ ಬೆಸೆದು ಕಾವ್ಯ ಕಟ್ಟಿದ; ಅರಸನ ಅರಸಿಯನ್ನು ಐದು ಮಂದಿಗೆ ಹಂಚಲಿಕ್ಕೆ ಬರುತ್ತದೆಯೆ? ಸ್ವಾರಸ್ಯ ಇರುವುದು ಕೊನೆಯಲ್ಲಿ. ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ದ್ರೌಪದಿಯ ತಲೆಯಿಂದ ಐವರ ಭಾರ ಇಳಿಸಿದ ಕವಿ ಪಟ್ಟವನ್ನೂ ಇಳಿಸಿಬಿಟ್ಟ. ಮುಂದೆ ಕುಮಾರವ್ಯಾಸ ಐವರನ್ನೂ ಮರಳಿ ತಂದ. ಕೀಚಕನ ಕಾಟ ತಾಳದೆ ನಡುರಾತ್ರಿ ವಿರಾಟನ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವ ಅವನ ದ್ರೌಪದಿ ‘ಗಂಡರೋ ನೀವ್ ಷಂಡರೋ’ ಎಂದು ಕೇಳುತ್ತಾಳೆ. ಐದು ಮಂದಿ ಇದ್ದದ್ದಕ್ಕೇ ಆ ಮಾತಿಗೆ ಅಷ್ಟು ಮೊನೆ. ಪಂಪನ ದ್ರೌಪದಿಗೆ ಅದನ್ನು ಆಡಲಿಕ್ಕೆ ಅವಕಾಶವೇ ಇಲ್ಲ. ನಿಮ್ಮ ‘ನಲುಗಿದವಳು’ ಎಂಬ ಒಂದು ಪದ ಇಷ್ಟನ್ನೂ ನುಂಗಿಹಾಕಿದೆ.

3ನೇ ಪುಟ: ‘12ನೇ ಶತಮಾನಕ್ಕೆ ಮುಂಚೆ ಹೆಣ್ಣು ಸಾಹಿತ್ಯದ ಹೊಸ್ತಿಲು ದಾಟಿರಲಿಲ್ಲ.’ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಅವಳ ಆಶ್ರಯದಲ್ಲಿ. ಹೊಸ್ತಿಲು ದಾಟುವುದಿರಲಿ, ಮನೆ ನಡೆಸಿದ್ದಾಳೆ. ನೀವು ಹೇಳಬೇಕಿದ್ದದ್ದು ಬಹುಶಃ ಇಷ್ಟು: ಅವಳನ್ನು ಹೊಗಳಿದ ಪದ್ಯಗಳಿವೆ, ಅವಳೇ ಆಡಿದ ಮಾತು ನಮಗೆ ಉಳಿದಿಲ್ಲ. ಇರುವುದು ಬೇರೆ, ಮಾತಾಡುವುದು ಬೇರೆ. ಇವೆರಡನ್ನೂ ಬಿಡಿಸಿ ಬರೆದಿದ್ದರೆ ವಾಕ್ಯ ನಿಲ್ಲುತ್ತಿತ್ತು.

4ನೇ ಪುಟದ್ದು ಹೆಚ್ಚು ನೋವಿನ ತಪ್ಪು. ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ’ ಎಂಬುದನ್ನು ಅಕ್ಕಮಹಾದೇವಿಯ ವಚನ ಎಂದು ಕೊಟ್ಟಿದ್ದೀರಿ. ಅದು ಜೇಡರ ದಾಸಿಮಯ್ಯನದು. ದಾಸಿಮಯ್ಯ ಮುದನೂರಿನವನು, ನಿಮ್ಮ ಯಾದಗಿರಿ ಜಿಲ್ಲೆಯವನೇ! ಮೊಬೈಲಿನಲ್ಲಿ ಓಡಾಡುವ ಪಠ್ಯದಿಂದ ತೆಗೆದಿದ್ದೀರಿ ಎಂಬುದಕ್ಕೆ ಎರಡು ಗುರುತು ಇವೆ: ನಿಮ್ಮ ಪ್ರತಿಯಲ್ಲಿ ‘ಬಂದಡೆ’ ಹೋಗಿ ‘ಬಂದರೆ’ ಆಗಿದೆ, ಕೊನೆಯ ‘ಕಾಣಾ ರಾಮನಾಥ’ ಮಾಯವಾಗಿದೆ. ಅದು ಅವನ ಅಂಕಿತ, ಅಂದರೆ ವಚನಕಾರರು ತಮ್ಮ ಗುರುತಿಗೆ ಹಾಕುವ ದೇವರ ಹೆಸರಿನ ಮುದ್ರೆ. ಅಂಕಿತ ಉದುರಿದ ವಚನ ವಿಳಾಸವಿಲ್ಲದ ಕಾಗದದ ಹಾಗೆ, ಯಾರ ಮನೆಗಾದರೂ ಹೋಗಿ ಸೇರುತ್ತದೆ. ಗಂಡಸು ಆಡಿದ ಮಾತನ್ನು ಹೆಣ್ಣಿನ ಬಾಯಲ್ಲಿಟ್ಟು ಅದರ ಮೇಲೆ ಅರ್ಧ ಪುಟ ‘ಹೆಣ್ಣಿನ ಅನುಭವ’ ಬೆಳೆಸಿದ್ದೀರಲ್ಲ, ಅದು ಪೂರ್ತಿ ಹೋಗಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಮಗ್ರ ವಚನ ಸಂಪುಟ 15 ಇವೆ, 5ನೆಯದು ಶಿವಶರಣೆಯರದು. ಗ್ರಂಥಾಲಯದಲ್ಲಿ ಕೂತು ಪ್ರತಿ ವಚನವನ್ನು ಅಲ್ಲಿಂದಲೇ ಕೈಬರಹದಲ್ಲಿ ಇಳಿಸಿಕೊಳ್ಳಿ, ವಚನದ ಸಂಖ್ಯೆ ಹಾಕಿ. ಬೇರೆ ಬೇರೆ ಆವೃತ್ತಿಯಲ್ಲಿ ಸಂಖ್ಯೆ ಬೇರೆಯಾಗುವುದರಿಂದ ಯಾವ ಮುದ್ರಣ ಎಂಬುದೂ ಬೇಕು.

ಅಕ್ಕನ ವಿಷಯದಲ್ಲಿ ಇನ್ನೊಂದು ಗೋಜಲಿದೆ. ಕೌಶಿಕ ರಾಜ, ಮದುವೆ, ಅವಳು ಹಾಕಿದ ಕರಾರು, ಇವನ್ನೆಲ್ಲ ‘ಅಕ್ಕ ಹೇಳಿಕೊಂಡಿದ್ದಾಳೆ’ ಎಂದು ಬರೆದಿದ್ದೀರಿ. ಅದು ಆಮೇಲಿನ ಕವಿ ಹರಿಹರನ ರಗಳೆಯ ಕಥೆ. ಕಲ್ಯಾಣದಲ್ಲಿ ಅಲ್ಲಮ ಅವಳನ್ನು ಪ್ರಶ್ನೆಗೆ ಹಚ್ಚುವ ಪ್ರಸಂಗ ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯಲ್ಲಿ ಜೋಡಿಸಿದ್ದು, ಅದು ಮತ್ತೂ ಈಚಿನದು. ತಾನೇ ಮಾತಾಡುವ ಅಕ್ಕ, ಹರಿಹರ ಕಂಡ ಅಕ್ಕ, ಸಂಪಾದನಕಾರರು ಕೂಡಿಸಿದ ಅಕ್ಕ: ಮೂವರಿಗೂ ಒಂದೇ ಸೀರೆ ಉಡಿಸಬೇಡಿ.

ಸಂಚಿ ಹೊನ್ನಮ್ಮನದು ಬೇಗ ಮುಗಿಯುತ್ತದೆ. ‘ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ’ ಎಂಬ ಒಂದು ಪದ್ಯ ಹಿಡಿದು ಅವಳನ್ನು ‘ಮೊದಲ ಸ್ತ್ರೀವಾದಿ’ ಮಾಡಿದ್ದೀರಿ. ಪುಸ್ತಕದ ಹೆಸರು ‘ಹದಿಬದೆಯ ಧರ್ಮ’. ಹದಿಬದೆ ಎಂದರೆ ಪತಿವ್ರತೆ. ಗಂಡನ ಮನೆಯಲ್ಲಿ ಹೆಂಗಸು ಹೇಗೆ ನಡೆದುಕೊಳ್ಳಬೇಕು ಎಂದು ಸಾಂಗತ್ಯದಲ್ಲಿ ಹೇಳುವ ಪುಸ್ತಕ. ಹೆಣ್ಣನ್ನು ಹೀಗಳೆಯುವವರನ್ನು ‘ಕಣ್ಣು ಕಾಣದ ಗಾವಿಲರು’ ಎಂದು ಬೈದ ಕೈಯೇ ಆ ನಿಯಮಗಳನ್ನೂ ಬರೆಯಿತು. ಚಿಕ್ಕದೇವರಾಜನ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದವಳಿಗೆ ಎರಡೂ ಒಟ್ಟಿಗೆ ಸಾಧ್ಯವಾಗಿತ್ತು. ಒಂದನ್ನು ಬಿಟ್ಟು ಒಂದನ್ನು ತೋರಿಸಿದರೆ ಅವಳು ಸಣ್ಣವಳಾಗುತ್ತಾಳೆ.

10ನೇ ಪುಟದಿಂದ ಆಚೆಗಿನದ್ದು ಹೆಸರಿನ ಪಟ್ಟಿ. ತಿರುಮಲಾಂಬ, ಗೌರಮ್ಮ, ತ್ರಿವೇಣಿ, ಅನುಪಮಾ ನಿರಂಜನ, ಸಾರಾ ಅಬೂಬಕ್ಕರ್, ವೈದೇಹಿ, ಎಲ್ಲರಿಗೂ ತಲಾ ಎರಡು ಸಾಲು, ಎಲ್ಲರೂ ‘ಸ್ತ್ರೀ ಸಂವೇದನೆಯನ್ನು ಮನೋಜ್ಞವಾಗಿ ಚಿತ್ರಿಸಿದ್ದಾರೆ’. ಮದುವೆ ಮನೆಯ ಆಹೇರಿ ಪಟ್ಟಿಯೂ ಇದಕ್ಕಿಂತ ಹೆಚ್ಚು ಸುದ್ದಿ ಹೇಳುತ್ತದೆ. ಗೀತಾ ನಾಗಭೂಷಣ ಅವರಿಗೂ ಎರಡೇ ಸಾಲು! ಈ ಸೀಮೆಯ ದುಡಿಯುವ ಹೆಂಗಸರ ಬದುಕನ್ನು ಈ ಸೀಮೆಯ ಮಾತಿನಲ್ಲೇ ಬರೆದು, ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಅವರು. ಸುರಪುರದಲ್ಲಿ ಕೂತು ಬರೆಯುವವರಿಗೆ ಅವರ ಭಾಷೆ ಟಿಪ್ಪಣಿಯಿಲ್ಲದೆ ತಿಳಿಯುತ್ತದೆ. ಆ ಅನುಕೂಲ ಬೆಂಗಳೂರಿನ ವಿಮರ್ಶಕರಿಗಿಲ್ಲ, ನೀವು ಅದನ್ನು ಬಳಸಿಲ್ಲ. ಈ ಭಾಗ ಪೂರ್ತಿ ತೆಗೆಯಿರಿ. ಆ ಕಾದಂಬರಿಯ ಮೇಲೆ ಬೇರೆ ಲೇಖನ ಬೇಕಾದರೆ ಆಮೇಲೆ ಮಾತಾಡೋಣ.

ಹಾಗಾದರೆ ಬರೆಯುವುದು ಹೇಗೆ? ಕೃತಿಯ ಒಂದು ಭಾಗವನ್ನು ಇಳಿಸಿಕೊಂಡು, ಹೆಣ್ಣಿಗೆ ಸೇರಿದ ಕ್ರಿಯಾಪದಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಅವಳು ಮಾಡಿದ್ದು ಒಂದು ಕಡೆ, ಅವಳಿಗೆ ಮಾಡಿದ್ದು ಇನ್ನೊಂದು ಕಡೆ. ಅವಳು ಮಾತಾಡಿದರೆ ಯಾರಿಗೆ ಎಂದು ಬರೆಯಿರಿ. ಕೊನೆಗೆ ಕೃತಿ ಅವಳನ್ನು ಎಲ್ಲಿ ಬಿಡುತ್ತದೆ ಎಂದು ಬರೆಯಿರಿ. ವಿಶೇಷಣ ಒಂದೂ ಬೇಡ. ನೀವು ‘ಭೋಗವಸ್ತು’ ಎಂದು ಒಂದೇ ಚೀಲಕ್ಕೆ ತುಂಬಿದ ಇಬ್ಬರನ್ನು ಹೀಗೆ ಇಟ್ಟು ನೋಡೋಣ. ಪಂಪನ ಆದಿಪುರಾಣದ ನೀಲಾಂಜನೆ ಕುಣಿಯುತ್ತಾಳೆ, ಕುಣಿಯುತ್ತಲೇ ಇಲ್ಲವಾಗುತ್ತಾಳೆ. ಇಂದ್ರ ಆ ಕ್ಷಣವೇ ಅವಳಂಥವಳನ್ನೇ ತಂದು ನಿಲ್ಲಿಸುತ್ತಾನೆ; ಸಭೆಗೆ ಗೊತ್ತೇ ಆಗುವುದಿಲ್ಲ, ಆದಿದೇವನಿಗೆ ಗೊತ್ತಾಗಿ ವೈರಾಗ್ಯ ಹುಟ್ಟುತ್ತದೆ. ಅವಳ ಸಾವು ಅವನ ಕೆಲಸಕ್ಕೆ ಬಂತು. ಜನ್ನನ ಯಶೋಧರಚರಿತೆ (1209) ತೆಗೆದರೆ ಅಮೃತಮತಿಯ ಪಟ್ಟಿ ಉದ್ದ: ರಾತ್ರಿ ಹಾಡು ಕೇಳುತ್ತಾಳೆ, ಮುಖ ನೋಡುವ ಮುಂಚೆಯೇ ಬಯಸುತ್ತಾಳೆ, ಅರಮನೆ ಬಿಟ್ಟು ಮಾವುತನ ಹತ್ತಿರ ಹೋಗುತ್ತಾಳೆ, ತಡವಾದದ್ದಕ್ಕೆ ಅವನ ಕೈಲಿ ಹೊಡೆತ ತಿನ್ನುತ್ತಾಳೆ, ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕಾವ್ಯ ಅವಳನ್ನು ನರಕಕ್ಕೆ ಕಳಿಸುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಕಥೆಯನ್ನು ನಡೆಸಿದವಳು ಅವಳೇ. ಇಬ್ಬರಿಗೂ ಒಂದೇ ಪದ ಹೇಗೆ ಹೊಂದೀತು?

ಈಗ ಲಕ್ಕಮ್ಮನಿಗೆ ಬರೋಣ. ನಿಮ್ಮ ಲೇಖನ ಇರುವುದು ಇಲ್ಲಿ.

ಗಂಡ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಆಡಿದ್ದು ಎನ್ನುವ, ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ’ ಎಂದು ಶುರುವಾಗುವ ವಚನದಲ್ಲಿ ನೀವು ‘ಈಸಕ್ಕಿಯಾಸೆ ನಿಮಗೇಕೆ’ ಎಂಬ ಮಾತಿನ ಹತ್ತಿರ ನಿಂತಿದ್ದೀರಿ. ‘ಈಸು’, ಅಂದರೆ ‘ಇಷ್ಟು’, ಎನ್ನುವಾಗ ಅವಳು ಉಡಿಯಲ್ಲಿದ್ದ ಅಕ್ಕಿಯನ್ನು ಕೈಯಲ್ಲಿ ತೂಗಿ ನೋಡಿದಂತಿದೆ ಎಂದಿದ್ದೀರಿ. ಬರೋಬ್ಬರಿ. ದಿನಾ ಅಕ್ಕಿ ಆರಿಸಿ ಕೇರುವ ಕೈಗೆ ಮಾತ್ರ ಹೆಚ್ಚುಕಡಿಮೆ ತಟ್ಟನೆ ತಿಳಿಯುತ್ತದೆ; ಈ ಮನೆಯಲ್ಲಿ ಸಾಕು ಎಂಬುದರ ಅಳತೆ ಅವಳ ಹತ್ತಿರ ಇದೆ. ಎಷ್ಟು ಅಕ್ಕಿ, ಯಾರು ಚೆಲ್ಲಿದರು ಎಂಬುದನ್ನು ಆಮೇಲಿನ ಕಥೆಗಳು ಹೇಳುತ್ತವೆ, ವಚನ ಹೇಳುವುದಿಲ್ಲ. ಕಥೆಯನ್ನು ಕಥೆ ಎಂದೇ ಹೇಳಿ ಬಳಸಿಕೊಳ್ಳಿ. ಆಮೇಲೆ ವಾಕ್ಯದ ರೀತಿ ಗಮನಿಸಿ: ಮೂರು ಪ್ರಶ್ನೆ ಒಂದರ ಹಿಂದೊಂದು, ನಡುವೆ ಉತ್ತರಕ್ಕೆ ಬಿಡುವಿಲ್ಲ, ಕಡೆಗೆ ‘ದೂರ ಮಾರಯ್ಯಾ’ ಎಂಬ ತೀರ್ಪು. ಗಂಡನನ್ನು ಹೆಸರು ಹಿಡಿದು ಕರೆದಿದ್ದಾಳೆ. ಈ ಸೀಮೆಯಲ್ಲಿ ಗಂಡನ ಹೆಸರು ಹೇಳಬೇಕಾದರೆ ಇಂದಿಗೂ ಒಡಪಿನ ಮರೆ ಹುಡುಕುವ ಹೆಂಗಸರು ಇದ್ದಾರೆ. ಅವರಿಗೆ ಇದರ ಬಿಸಿ ನಿಮಗಿಂತ ಬೇಗ ತಟ್ಟುತ್ತದೆ.

ನೀವು ನೋಡದೆ ಬಿಟ್ಟದ್ದು ಅಂಕಿತ. ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನನ್ನು ತಿದ್ದುವ ವಚನಕ್ಕೆ ಗಂಡನ ಹೆಸರಿನದೇ ಮುದ್ರೆ. ಇದನ್ನು ಹಿಡಿದುಕೊಂಡು ಕಲ್ಯಾಣದ ಉಳಿದ ಶರಣೆಯರ ಅಂಕಿತಗಳನ್ನು ಸಾಲಾಗಿ ಬರೆದುಕೊಳ್ಳಿ. ಮೋಳಿಗೆಯ ಮಾರಯ್ಯನ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಹೆಂಡತಿ ಮಹಾದೇವಿಯದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಗಂಡನ ದೇವರನ್ನೇ ತೆಗೆದುಕೊಂಡು ಇಮ್ಮಡಿ ಮಾಡಿದ್ದಾಳೆ. ಅಕ್ಕನಾಗಮ್ಮನದರಲ್ಲಿ ಬಸವಣ್ಣ ಇದ್ದಾನೆ. ಗಂಗಾಂಬಿಕೆ ‘ಗಂಗಾಪ್ರಿಯ’ ಎಂದು ತನ್ನ ಹೆಸರನ್ನೇ ಇಟ್ಟಳು. ನೂಲುವ ರೆಮ್ಮವ್ವೆಯದು ‘ಕದಿರರೆಮ್ಮಿಯೊಡೆಯ ಗುಮ್ಮೇಶ್ವರ’: ಕದಿರು ಮೊದಲು, ತನ್ನ ಹೆಸರು ಆಮೇಲೆ, ದೇವರು ಕಡೆಗೆ. ಸೂಳೆ ಸಂಕವ್ವೆಯದು ‘ನಿರ್ಲಜ್ಜೇಶ್ವರ’. ಒಂದೇ ಕಾಲ, ಒಂದೇ ಚಳವಳಿ, ಹೆಣ್ಣು ತನ್ನನ್ನು ಗುರುತಿಸಿಕೊಂಡ ಬಗೆ ಮಾತ್ರ ಇಷ್ಟು. ‘ಶರಣರ ಕಾಲದಲ್ಲಿ ಎಚ್ಚೆತ್ತಳು’ ಎಂದು ಏಕವಚನದಲ್ಲಿ ಹೇಳಿದಾಗ ಇವರೆಲ್ಲ ಎಲ್ಲಿ ಹೋದರು?

ಬೀಸುಕಲ್ಲಿನ ಹಾಡಿನ ನಿಮ್ಮ ಪರಿಚ್ಛೇದ ಉಳಿಯಬಹುದು, ಬದಲಾಗಿ. ‘ಹೆಣ್ಣಿನ ನೋವಿನ ದನಿ’ ಎಂಬುದನ್ನು ತೆಗೆದು, ದಖನಿ ಉರ್ದುವಿನ ಚಕ್ಕಿನಾಮಾದ ಪಕ್ಕ ಇಟ್ಟು ನೋಡಿ. ಬೀಸುವ ಹೆಂಗಸರು ಹಾಡಿಕೊಳ್ಳಲಿ ಎಂದು ಸೂಫಿಗಳು ಕಟ್ಟಿದ ಪದಗಳವು. ಕಲ್ಲಿನ ಹಿಡಿಗೂಟವನ್ನು ಅರಬ್ಬಿಯ ಮೊದಲ ಅಕ್ಷರ ಅಲಿಫ್‌ಗೆ ಹೋಲಿಸಿ ದೇವರ ನೆನಪು ಮಾಡಿಸುತ್ತವೆ. ನಮ್ಮ ತ್ರಿಪದಿಗಳಲ್ಲಿ ಅದೇ ಕಲ್ಲಿನ ಮುಂದೆ ತವರು, ಅಣ್ಣತಮ್ಮರು, ಅತ್ತೆ ಬರುತ್ತಾರೆ. ಒಂದು ಹೆಂಗಸಿಗಾಗಿ ಕಟ್ಟಿದ್ದು, ಇನ್ನೊಂದು ಹೆಂಗಸೇ ಕಟ್ಟಿದ್ದು. ಅದೂ ನಮ್ಮ ಕೈಗೆ ಬರುವಾಗ ‘ಗರತಿಯ ಹಾಡು’ ಎಂಬ ಹೆಸರು ಹೊತ್ತು ಬಂತು. ಸಂಗ್ರಹಿಸಿದವರು ಹಲಸಂಗಿಯ ಗೆಳೆಯರು. ಗರತಿಯಲ್ಲದವಳ ಹಾಡು ಯಾವ ಪುಸ್ತಕಕ್ಕೆ ಸೇರಬೇಕಿತ್ತು ಎಂಬ ಪ್ರಶ್ನೆ ಅಲ್ಲೇ ಬಿದ್ದಿದೆ, ಎತ್ತಿಕೊಳ್ಳಿ.

ಉಳಿದದ್ದು ಕೈಕೆಲಸ. ‘ಪುರುಷಪ್ರಧಾನ ಸಮಾಜ’ 19 ಸಲ ಬಂದಿದೆ. ಬಂದಲ್ಲೆಲ್ಲ ಯಾರು, ಯಾವ ಮನೆ, ಯಾವ ನಿಯಮ ಎಂದು ಬರೆಯಿರಿ. ಬರೆಯಲಿಕ್ಕೆ ಬರದಿದ್ದರೆ ವಾಕ್ಯವನ್ನೇ ಬಿಡಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಇಲ್ಲಿ ತೆರೆದಾಗ ಒತ್ತಕ್ಷರ ಕಳಚಿ ‘ಸ್ತ್ರೀ’ ಎಂಬುದೇ ಓದಲಿಕ್ಕೆ ಬರುತ್ತಿಲ್ಲ, ಯುನಿಕೋಡ್‌ನಲ್ಲಿ ಕಳಿಸಿ. ಹಳೆಯ ಪದ್ಯಗಳನ್ನು ಟೈಪ್ ಮಾಡಿದ ಮೇಲೆ ಮೂಲದ ಜೊತೆ ಇನ್ನೊಬ್ಬರು ಗಟ್ಟಿಯಾಗಿ ಓದಲಿ, ನೀವು ತಾಳೆ ನೋಡಿ.

ಅಳತೆ 1800 ಪದ, ಆರೇಳು ಅಂಕಿತ ಸಾಕು. ಪೀಠಿಕೆ ಬೇಡ. ಪಂಪ, ಹೊನ್ನಮ್ಮ ಇಬ್ಬರೂ ಈ ಸಲ ಮನೆಯಲ್ಲೇ ಇರಲಿ. ಮೊದಲ ಸಾಲು ‘ಈಸಕ್ಕಿ’ಯಿಂದಲೇ ಶುರುವಾಗಲಿ.