ರೋಲಿಂಗ್ ಸ್ಟೋನ್ಸ್‌ನ 'ಬ್ಲೂ ಅಂಡ್ ಲೋನ್‌ಸಮ್' ಆಲ್ಬಮ್‌ನಲ್ಲಿ ಡ್ರಮ್ಸ್, ಬೇಸ್ ಯಾಕೆ ಇಷ್ಟು ಸರಳ? ಬೇರೆ ಮಾಡಿ ಕೇಳೋಕೆ ಒಳ್ಳೆ ಆ್ಯಪ್ ಯಾವುದು?

ಆ್ಯಪ್ ಬೇಡ. ದಯವಿಟ್ಟು ಬೇಡ. ಡ್ರಮ್ಸ್ ಒಂದನ್ನೇ ಬೇರೆ ಮಾಡಿ ಕೇಳಿ ನಾನು ಒಂದು ಬ್ಯಾಂಡನ್ನೇ ಕಳೆದುಕೊಂಡಿದ್ದೇನೆ.

ಬೆಂಗಳೂರಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ನಾನು ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ನುಡಿಸುತ್ತಿದ್ದೆ. ರೆಕಾರ್ಡಿಂಗ್, ಆಮೇಲೆ ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸೋ ಮಿಕ್ಸಿಂಗ್ ಕೂಡ ನನ್ನ ಪಾಲಿಗೇ ಬಂದಿತ್ತು. ನಮ್ಮ ಡ್ರಮ್ಮರ್‌ಗೆ ಸ್ಟೋನ್ಸ್ ಬ್ಯಾಂಡಿನ ಡ್ರಮ್ಮರ್ ಚಾರ್ಲಿ ವಾಟ್ಸ್ ಅಂದರೆ ಪ್ರಾಣ. 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದಾಗ ಹೋಗಿ ನೋಡಿದವನು. 2016ರ ಡಿಸೆಂಬರ್‌ನಲ್ಲಿ ನೀವು ಕೇಳುತ್ತಿರುವ ಈ ಆಲ್ಬಮ್ ಬಂತು. ಹನ್ನೆರಡೂ ಕಪ್ಪು ಅಮೆರಿಕನ್ನರ ಹಳೇ ಬ್ಲೂಸ್ ಹಾಡುಗಳು. ಲಂಡನ್ನಿನ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಕೂತು ಮೂರೇ ದಿನದಲ್ಲಿ ನುಡಿಸಿ ಮುಗಿಸಿದ್ದು. 2015ರ ಡಿಸೆಂಬರ್‌ನಲ್ಲಿ ಅದನ್ನು ನುಡಿಸುವಾಗ ವಾಟ್ಸ್‌ಗೆ 74 ವರ್ಷ. ನಾವೂ ಹಾಗೇ ಒಂದೇ ರೂಮಿನಲ್ಲಿ ಕೂತು, ನಾಲ್ಕು ಹಾಡು ರೆಕಾರ್ಡ್ ಮಾಡಿದೆವು. ಚೆನ್ನಾಗಿಯೇ ಬಂದಿತ್ತು.

ಆಮೇಲೆ ಮಿಕ್ಸ್ ಮಾಡೋಕೆ ಕೂತೆ. ಉಳಿದದ್ದೆಲ್ಲ ಮ್ಯೂಟ್ ಮಾಡಿ ಡ್ರಮ್ಸ್ ಮಾತ್ರ ಹಾಕಿದೆ. ಪರದೆ ಮೇಲೆ ಗೆರೆಗಳಿರುತ್ತವಲ್ಲ, ತಾಳದ ಜಾಗ ತೋರಿಸುವವು, ಗ್ರಿಡ್ ಅಂತಾರೆ, ಸ್ನೇರ್ (ಚಟ್ ಅಂತ ಬಡಿಯುವ ಚಿಕ್ಕ ಡ್ರಮ್) ಏಟುಗಳೆಲ್ಲ ಆ ಗೆರೆಗಿಂತ ಒಂಚೂರು ಹಿಂದೆ ಬಿದ್ದಿದ್ದವು. ಒಂದೆರಡಲ್ಲ, ಉದ್ದಕ್ಕೂ. ಸರಿ ಮಾಡೋಣ ಅಂತ ಒಂದೊಂದೇ ಏಟನ್ನು ಎಳೆದು ಗೆರೆಗೆ ಕೂರಿಸಿದೆ. ಈಗ ಗಿಟಾರ್ ಹೊಂದಲಿಲ್ಲ. ಯಾಕಂದರೆ ಗಿಟಾರಿನವನು ಆ ಸ್ನೇರ್ ಕೇಳಿಕೊಂಡು ನುಡಿಸಿದ್ದ, ಸ್ನೇರ್ ಅವನ ಕೈ ನೋಡಿಕೊಂಡು ಬಿದ್ದಿತ್ತು. ಸರಿ, ಗಿಟಾರನ್ನೂ ಕತ್ತರಿಸಿ ಎಳೆದೆ. ಆಗ ನನ್ನ ಬೇಸ್ ಹಿಂದೆ ಬಿದ್ದ ಹಾಗೆ ಕೇಳಿಸಿತು. ಅದನ್ನೂ ಎಳೆದೆ. ನಾಲ್ಕು ಹಾಡಿಗೂ ಇದೇ ಕೆಲಸ. ಕೊನೆಗೆ ಎಲ್ಲ ಗೆರೆ ಮೇಲೆ ನೆಟ್ಟಗೆ ನಿಂತಿತು, ಹಾಡಿನಲ್ಲಿ ಜೀವ ಇರಲಿಲ್ಲ. ಹಳೇ ಫೈಲ್ ಮೇಲೇ ಸೇವ್ ಮಾಡಿದ್ದರಿಂದ ವಾಪಸ್ ಹೋಗೋ ದಾರಿಯೂ ಇರಲಿಲ್ಲ.

ಡ್ರಮ್ಮರ್ ಪೂರ್ತಿ ಕೇಳಿದ. "ಇದು ನಾನು ನುಡಿಸಿದ್ದಲ್ಲ ಕಣೋ" ಅಂದ. ಮತ್ತೆ ಪ್ರಾಕ್ಟೀಸ್‌ಗೆ ಬರಲೇ ಇಲ್ಲ. ಅವನಿಲ್ಲದೆ ಬ್ಯಾಂಡೂ ನಿಂತುಹೋಯಿತು.

ನನಗೆ ಗೊತ್ತಿರಬೇಕಾಗಿದ್ದದ್ದು ಇದು. ಸಾಮಾನ್ಯವಾಗಿ ರಾಕ್ ಬ್ಯಾಂಡ್‌ಗಳಲ್ಲಿ ಡ್ರಮ್ಮರ್ ಮುಂದೆ, ಉಳಿದವರು ಅವನ ಹಿಂದೆ. ಸ್ಟೋನ್ಸ್‌ನಲ್ಲಿ ಉಲ್ಟಾ. ಕೀತ್ ರಿಚರ್ಡ್ಸ್ ಗಿಟಾರ್ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ವಾಟ್ಸ್ ಹೋಗುತ್ತಿದ್ದರು. ಕಛೇರಿಯಲ್ಲಿ ಮೃದಂಗದವರು ಹಾಡುವವರ ಮುಖ ನೋಡ್ತಾ ನುಡಿಸ್ತಾರಲ್ಲ, ಹಾಗೆ. ಹಾಗಾಗಿ ಡ್ರಮ್ಸ್ ಒಂದನ್ನೇ ಕಿತ್ತು ಕೇಳಿದರೆ ಅದು ತಡವಾದ ಹಾಗೆ, ಸಡಿಲವಾದ ಹಾಗೆ ಕಾಣುತ್ತದೆ. ಗಿಟಾರ್ ಜೊತೆ ಕೇಳಿ, ಎಲ್ಲ ಸರಿಯಾಗಿ ಕೂರುತ್ತದೆ. ಒಂದೇ ರೂಮಿನಲ್ಲಿ ನುಡಿಸಿದಾಗ ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೂ ನುಗ್ಗಿರುತ್ತದೆ. ಅದನ್ನು ಆ್ಯಪ್‌ನಲ್ಲಿ ಬೇರೆ ಮಾಡಿದರೂ ಪೂರ್ತಿ ಶುಚಿಯಾಗಿ ಬರೋದು ಕಷ್ಟ.

ಇನ್ನೊಂದು ವಿಷಯಕ್ಕೆ ಅವರ ಲೈವ್ ವಿಡಿಯೋ ನೋಡಿ. ವಾಟ್ಸ್ ಬಲಗೈ ಗಮನಿಸಿ. ಹೈ-ಹ್ಯಾಟ್, ಅಂದರೆ ಒಂದರ ಮೇಲೊಂದು ಇರುವ ಎರಡು ತಾಳದ ತಟ್ಟೆಗಳ ಮೇಲೆ ಒಂದೇ ಸಮನೆ ಬಾರಿಸ್ತಾ ಇರುತ್ತಾರೆ, ಸ್ನೇರ್ ಏಟು ಬರುವ ಹೊತ್ತಿಗೆ ಸರಿಯಾಗಿ ಆ ಕೈಯನ್ನು ಎತ್ತಿಬಿಡುತ್ತಾರೆ. ಎರಡನ್ನೂ ಒಟ್ಟಿಗೆ ಬಾರಿಸೋದಿಲ್ಲ. ಹಾಗಾಗಿ ಸ್ನೇರ್ ಒಂದೇ ಕೇಳುತ್ತದೆ, ಅದರ ಸುತ್ತ ಜಾಗ ಇರುತ್ತದೆ. ನೀವು ಸರಳ ಅಂತಿರೋದು ಈ ಜಾಗವನ್ನು. ಅದನ್ನು ಬಿಡೋಕೆ ಎಷ್ಟು ಧೈರ್ಯ ಬೇಕು ಅಂತ ನುಡಿಸಿ ನೋಡಿದವರಿಗೆ ಗೊತ್ತು.

ಬೇಸ್ ನುಡಿಸಿರೋದು ಡ್ಯಾರಿಲ್ ಜೋನ್ಸ್. ಹಳೇ ಬೇಸ್ ವಾದಕ ಬಿಲ್ ವೈಮನ್ ಬ್ಯಾಂಡ್ ಬಿಟ್ಟ ಮೇಲೆ, 1994ರ ಆಲ್ಬಮ್‌ನಿಂದ ಸ್ಟೋನ್ಸ್ ಜೊತೆ ಇದ್ದಾರೆ. ಅದಕ್ಕೂ ಮುಂಚೆ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿದವರು. ಬೇಕಿದ್ದರೆ ಎಂಥ ಕಸರತ್ತು ಬೇಕಾದರೂ ಮಾಡಬಲ್ಲ ಕೈ. ಹುಟ್ಟೂರು ಶಿಕಾಗೋ, ಅಂದರೆ ಈ ಆಲ್ಬಮ್‌ನ ಬಹುಪಾಲು ಹಾಡುಗಳ ಊರು. ಇಲ್ಲಿ ಅವರು ಹಾಡಿನ ಅಡಿಗೆ ಹೋಗಿ ನಿಂತುಬಿಟ್ಟಿದ್ದಾರೆ, ಎಲ್ಲೂ ಮುಂದೆ ಬಂದು ಮೆರೆಯೋದಿಲ್ಲ. ಬೇಸ್ ನುಡಿಸುವವನಾಗಿ ಹೇಳ್ತೀನಿ, ನನಗೆ ಈ ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಜಾಸ್ತಿ ಜನ ವಾಟ್ಸ್ ಹೊಗಳಿ ಇವರನ್ನು ಮರೆತುಬಿಡುತ್ತಾರೆ. ಅದು ಅನ್ಯಾಯ.

ಆದ್ದರಿಂದ 'ಸರಳ' ಅನ್ನೋ ಮಾತನ್ನೇ ನಾನು ಒಪ್ಪೋದಿಲ್ಲ. ವೇಗದ ಡ್ರಮ್ಮರ್‌ಗಳ ಪಕ್ಕ ಇಟ್ಟು ಅಳೆಯಬೇಡಿ. ದುಬಾರಿ ಹೆಡ್‌ಫೋನ್ ಕೂಡ ಬೇಡ, ಮನೆಯಲ್ಲಿರೋ ಸ್ಪೀಕರ್ ಸಾಕು. ಮೊದಲು 'ಕಮಿಟ್ ಎ ಕ್ರೈಮ್' ಹಾಕಿ. ಒಂದೇ ಗಿಟಾರ್ ತುಣುಕು ಮತ್ತೆ ಮತ್ತೆ ಸುತ್ತುತ್ತದೆ, ಹಾಗಾಗಿ ಕಿವಿಗೆ ಬಿಡುವು ಸಿಗುತ್ತದೆ. ಡ್ರಮ್ಸ್ ಹುಡುಕಬೇಡಿ. ಗಿಟಾರ್ ಹಿಡಿದುಕೊಂಡು ಹೋಗಿ, ಸ್ನೇರ್ ಅದರ ಬೆನ್ನಿಗೆ ಎಲ್ಲಿ ಬೀಳುತ್ತದೆ ಅಂತ ಮಾತ್ರ ಕೇಳಿ. ಅದು ಸಿಕ್ಕ ಮೇಲೆ ಕೊನೆಯ ಹಾಡು 'ಐ ಕಾಂಟ್ ಕ್ವಿಟ್ ಯೂ ಬೇಬಿ'ಗೆ ಹೋಗಿ. ನಿಧಾನದ ಹಾಡು, ಎರಿಕ್ ಕ್ಲಾಪ್ಟನ್ ಗಿಟಾರ್ ಕೂಡ ಇದೆ. ಎಲ್ಲರೂ ಗಿಟಾರ್ ಕೇಳ್ತಾರೆ, ನೀವು ಈ ಸಲ ಜೋನ್ಸ್ ಕೇಳಿ.