ಓದುಗರ ಪ್ರಶ್ನೆ: ಪ್ರಧಾನಿಯ ಕಥೆಯಲ್ಲಿ ನಗುವಿಗೇನು ಕೆಲಸ?

ಪ್ರಶ್ನೆ: ಓಸ್ಲೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ‘ಮಕ್ತಾ’ ಎಂಬ ಧಾರಾವಾಹಿಯನ್ನು ನೋಡಿದೆ. ನಾರ್ವೆಯ ಮೊದಲ ಮಹಿಳಾ ಪ್ರಧಾನಿ ಗ್ರೋ ಹಾರ್ಲೆಮ್ ಬ್ರಂಟ್‌ಲ್ಯಾಂಡ್ ಅವರು ಅಧಿಕಾರಕ್ಕೆ ಬಂದ ಬಗೆಯನ್ನು ಅದರಲ್ಲಿ ನಗಿಸುತ್ತಲೇ ಹೇಳಿದ್ದಾರೆ. ಅಷ್ಟು ದೊಡ್ಡ ನಾಯಕಿಯ ಬದುಕನ್ನು ಹೀಗೆ ಹಾಸ್ಯದ ವಸ್ತುವಾಗಿಸುವುದು ಸರಿಯೇ? ಅದರಲ್ಲಿ ನಿಜವೆಷ್ಟು?
— ಓದುಗರೊಬ್ಬರು, ಮೈಸೂರು

ಉತ್ತರ: ತಮ್ಮ ಅಳುಕು ಅರ್ಥವಾಗುತ್ತದೆ. ಆದರೆ ಆ ಧಾರಾವಾಹಿಯಲ್ಲಿ ನಗೆಗೆ ಗುರಿಯಾಗುವವರು ಯಾರು ಎಂಬುದನ್ನು ತಾವು ಒಮ್ಮೆ ನೆನಪಿಸಿಕೊಳ್ಳಬೇಕೆಂದು ಕೋರುತ್ತೇನೆ. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಪ್ರಸಾರ ಮಾಡಿದ, 2023ರ ಕಾನ್ ಸೀರೀಸ್ ಉತ್ಸವದಲ್ಲಿ ಅತ್ಯುತ್ತಮ ಸರಣಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ನಿಜ, ಸುಳ್ಳು, ಮರೆವು ಮೂರೂ ಬೆರೆತಿವೆ ಎಂದು ಅದನ್ನು ಮಾಡಿದವರೇ ನೋಡುಗರಿಗೆ ತಿಳಿಸಿಬಿಡುತ್ತಾರೆ. 1970ರ ದಶಕದ ಉಡುಪು ತೊಟ್ಟ ಪಾತ್ರಗಳ ಹಿಂದೆ ಇಂದಿನ ಓಸ್ಲೊ ನಗರವನ್ನು ಮರೆಮಾಚದೆ ತೋರಿಸಿರುವುದೂ ಅದೇ ಪ್ರಾಮಾಣಿಕತೆಯಿಂದ ಎಂದು ನನಗನ್ನಿಸುತ್ತದೆ. ಇದು ದಾಖಲೆಯಲ್ಲ, ಹಳೆಯದನ್ನು ಇಂದು ನಿಂತು ನೋಡುವ ಕಥೆ ಎಂಬುದು ಪ್ರತಿ ಬೀದಿಯ ದೃಶ್ಯದಲ್ಲೂ ಕಣ್ಣಿಗೆ ಬೀಳುತ್ತದೆ.

ಕಥೆಯ ಬುನಾದಿಯಂತೂ ಗಟ್ಟಿಯಾಗಿದೆ. ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪವಾದ ಯುರೋಪಿಯನ್ ಸಮುದಾಯವನ್ನು ಸೇರಬೇಕೆ ಎಂಬ 1972ರ ಜನಮತಗಣನೆಯಲ್ಲಿ ನಾರ್ವೆಯ ಮತದಾರರು ಬೇಡವೆಂದದ್ದು ಆಡಳಿತದಲ್ಲಿದ್ದ ಲೇಬರ್ ಪಕ್ಷವನ್ನು ಒಳಗಿನಿಂದಲೇ ಸೀಳಿತ್ತು. ಪಕ್ಷದ ಅಧ್ಯಕ್ಷರೂ ಪ್ರಧಾನಿಯೂ ಆಗಿದ್ದ ಟ್ರಿಗ್ವೆ ಬ್ರಾಟೆಲಿ ಅವರ ನಂತರ ಯಾರು ಎಂಬ ಜಗಳ 1975ರಲ್ಲಿ ಬಗೆಹರಿಯದೆ, ಕೊನೆಗೆ ರೇಯುಲ್ಫ್ ಸ್ಟೇನ್ ಪಕ್ಷದ ಅಧ್ಯಕ್ಷರೆಂದೂ ಓಡ್ವಾರ್ ನೋರ್ಡ್ಲಿ ಮುಂದಿನ ಪ್ರಧಾನಿಯೆಂದೂ ಒಂದೇ ಗದ್ದುಗೆಯನ್ನು ಇಬ್ಬರಿಗೆ ಹಂಚಲಾಯಿತು. ಉಪಾಧ್ಯಕ್ಷ ಸ್ಥಾನ ಗ್ರೋ ಅವರ ಪಾಲಿಗೆ ಬಂತು. ಇಂಥ ಹಂಚಿಕೆಯಲ್ಲಿ ಹುಟ್ಟುವ ಮುನಿಸು, ಒಳಸಂಚು, ಮುಚ್ಚಿದ ಬಾಗಿಲ ಹಿಂದಿನ ಎಣಿಕೆಗಳಲ್ಲೇ ಧಾರಾವಾಹಿಯ ಹಾಸ್ಯವಿದೆ. ಅದು ಕೆಲಸಕ್ಕೆ ಬಂದ ಹೆಣ್ಣನ್ನು ನೋಡಿ ನಗುವುದಿಲ್ಲ, ಕುರ್ಚಿ ಬಿಡಲೊಲ್ಲದ ಗಂಡಸರನ್ನು ನೋಡಿ ನಗುತ್ತದೆ.

ಆದರೂ ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂದು ಹೇಳಿ ಈ ಕಥೆಯನ್ನು ಮುಗಿಸಿದರೆ ಗ್ರೋ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. 1974ರಲ್ಲಿ ಪರಿಸರ ಸಚಿವೆಯಾದಾಗ ಗ್ರೋ ಅವರಿಗೆ 35 ವರ್ಷ. ಓಸ್ಲೊ ನಗರದ ಆರೋಗ್ಯ ಇಲಾಖೆಯಲ್ಲಿ ವೈದ್ಯೆ, ನಾಲ್ಕು ಮಕ್ಕಳ ತಾಯಿ. ಗರ್ಭವನ್ನು ಉಳಿಸಿಕೊಳ್ಳಬೇಕೆ ಬೇಡವೆ ಎಂಬ ತೀರ್ಮಾನ ಹೆಣ್ಣಿನದೇ ಆಗಬೇಕೆಂದು, 1978ರಲ್ಲಿ ಆ ಕಾನೂನು ಬರುವುದಕ್ಕೆ ಎಷ್ಟೋ ಮೊದಲೇ ವಾದಿಸಿದ್ದರು. ಪತಿ ಆರ್ನೆ ಓಲಾವ್ ಬ್ರಂಟ್‌ಲ್ಯಾಂಡ್ ಎದುರಾಳಿ ಕನ್ಸರ್ವೇಟಿವ್ ಪಕ್ಷದವರು. ಮನೆವಾರ್ತೆಯ ಹೊಣೆಯನ್ನು ಹೊತ್ತವರೂ ಅವರೇ. 1977ರ ಏಪ್ರಿಲ್‌ನಲ್ಲಿ ಉತ್ತರ ಸಮುದ್ರದ ಬ್ರಾವೊ ತೈಲ ವೇದಿಕೆಯ ಬಾವಿಯೊಂದು ಹತೋಟಿ ತಪ್ಪಿ ಸುಮಾರು ಒಂದು ವಾರ ಕಚ್ಚಾತೈಲ ಸಮುದ್ರಕ್ಕೆ ಚಿಮ್ಮಿದಾಗ, ಪತ್ರಕರ್ತರ ಮುಂದೆ ನಿಂತು ಉತ್ತರ ಕೊಟ್ಟ ಸಚಿವೆಯ ಮುಖವನ್ನು ನಾಡಿಗೆ ನಾಡೇ ಗುರುತಿಟ್ಟುಕೊಂಡಿತು. ಪೈಪೋಟಿ ನಡೆಸಿದವರ ನಡುವೆ ಜಾಗ ತೆರವಾಯಿತು, ನಿಜ. ಆದರೆ ಆ ಜಾಗದಲ್ಲಿ ನಿಲ್ಲಬಲ್ಲವರು ಆಗಲೇ ಸಿದ್ಧರಾಗಿದ್ದರು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. 1971ರ ಸ್ಥಳೀಯ ಚುನಾವಣೆಯಲ್ಲಿ ನಾರ್ವೆಯ ಮತದಾರರಿಗೆ, ಪಕ್ಷವು ಅಚ್ಚು ಹಾಕಿಸಿದ ಅಭ್ಯರ್ಥಿಗಳ ಪಟ್ಟಿಯಲ್ಲಿ ತಮಗೆ ಬೇಡವಾದ ಹೆಸರನ್ನು ಹೊಡೆದುಹಾಕುವ ಅವಕಾಶವಿತ್ತು. ಮಹಿಳಾ ಸಂಘಟಕರು ಸದ್ದುಗದ್ದಲವಿಲ್ಲದೆ ಮನೆಮನೆಗೆ ಸುದ್ದಿ ಮುಟ್ಟಿಸಿದರು. ಸಾವಿರಾರು ಹೆಂಗಸರು ಮತಪತ್ರದ ಮೇಲೆ ಬಾಗಿ, ಒಂದೊಂದೇ ಗಂಡಸಿನ ಹೆಸರಿನ ಮೇಲೆ ಗೆರೆ ಎಳೆದರು. ಎಣಿಕೆ ಮುಗಿದಾಗ ಓಸ್ಲೊ, ಟ್ರೋಂಡ್‌ಹೈಮ್ ಮತ್ತು ಆಸ್ಕರ್ ನಗರಸಭೆಗಳಲ್ಲಿ ಮಹಿಳೆಯರೇ ಬಹುಮತದಲ್ಲಿದ್ದರು. ಅಲ್ಲಿನ ಪತ್ರಿಕೆಗಳು ಇದನ್ನು ‘ಮಹಿಳಾ ಕ್ಷಿಪ್ರಕ್ರಾಂತಿ’ ಎಂದು ಕರೆದವು. ಹೆಣ್ಣುಮಕ್ಕಳನ್ನು ಕೇವಲ ಅಲಂಕಾರಕ್ಕೆ ಕೂರಿಸಿದರೆ ಸಾಲದು ಎಂಬ ಭಯ ಪಕ್ಷಗಳಿಗೆ ಹತ್ತಿದ್ದು ಆ ಪೆನ್ಸಿಲ್ ಗೆರೆಗಳಿಂದ ಎಂದೇ ನಾನು ನಂಬುತ್ತೇನೆ.

ಪ್ರಶ್ನೆ: 1981ರ ಫೆಬ್ರುವರಿಯಲ್ಲಿ ಚುನಾವಣೆಯೇ ಇರಲಿಲ್ಲವಲ್ಲ, ಗ್ರೋ ಅವರು ಪ್ರಧಾನಿಯಾದದ್ದು ಹೇಗೆ?
— ರಾಜ್ಯಶಾಸ್ತ್ರದ ವಿದ್ಯಾರ್ಥಿ, ಧಾರವಾಡ

ಉತ್ತರ: ನಾರ್ವೆಯ ಸಂಸತ್ತು ಸ್ಟೋರ್ಟಿಂಗ್ ಅನ್ನು ಅವಧಿಗೆ ಮುನ್ನ ವಿಸರ್ಜಿಸುವಂತಿಲ್ಲ, ನಾಲ್ಕು ವರ್ಷವೆಂದರೆ ನಾಲ್ಕು ವರ್ಷ. ಆರೋಗ್ಯದ ಕಾರಣದಿಂದ ನೋರ್ಡ್ಲಿ ಹಿಂದೆ ಸರಿದಾಗ ಪಕ್ಷ ತನ್ನೊಳಗಿನಿಂದಲೇ ಬೇರೊಬ್ಬರನ್ನು ಆರಿಸಬೇಕಾಯಿತು, ಹಾಗಾಗಿ ಫೆಬ್ರುವರಿ 4ರಂದು, 41ನೆಯ ವಯಸ್ಸಿನಲ್ಲಿ, ಗ್ರೋ ಅಧಿಕಾರ ವಹಿಸಿಕೊಂಡರು. ಆಗ ನಮ್ಮಲ್ಲಿ ಇಂದಿರಾ ಗಾಂಧಿಯವರು ಎರಡನೆಯ ಬಾರಿಗೆ ಪ್ರಧಾನಿಯಾಗಿದ್ದರು. ನಮ್ಮಲ್ಲಿ ಸಚಿವರಾದವರು ಆರು ತಿಂಗಳೊಳಗೆ ಸದನದ ಸದಸ್ಯರಾಗಲೇಬೇಕು. ಅಲ್ಲಿ ಅಂಥ ಕಟ್ಟಳೆಯಿಲ್ಲ, ಅಷ್ಟೇ ಅಲ್ಲ, ಸಂಸದರು ಸಚಿವರಾದರೆ ಅವರ ಆಸನದಲ್ಲಿ ಬದಲಿ ಸದಸ್ಯರು ಕೂರುತ್ತಾರೆ. 1974ರಲ್ಲಿ ಸಚಿವೆಯಾದಾಗ ಸಂಸದೆಯಾಗಿರದಿದ್ದ ಗ್ರೋ, ಸ್ಟೋರ್ಟಿಂಗ್‌ಗೆ ಆಯ್ಕೆಯಾದದ್ದು 1977ರಲ್ಲಿ. ಮೊದಲ ಸಲದ ಪ್ರಧಾನಿಗಿರಿ ಎಂಟು ತಿಂಗಳಷ್ಟೇ ಉಳಿಯಿತು, ಆ ವರ್ಷದ ಶರತ್ಕಾಲದ ಚುನಾವಣೆಯ ಬಳಿಕ ಕನ್ಸರ್ವೇಟಿವ್ ಪಕ್ಷದ ಕೋರೆ ವಿಲ್ಲೋಕ್ ಅಧಿಕಾರಕ್ಕೆ ಬಂದರು.

ಪ್ರಶ್ನೆ: ನಮ್ಮ ಪದವಿ ತರಗತಿಯ ಪರಿಸರ ಅಧ್ಯಯನದ ಪುಸ್ತಕದಲ್ಲಿರುವ ‘ಬ್ರಂಟ್‌ಲ್ಯಾಂಡ್ ವರದಿ’ ಇವರದೇನಾ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಹೌದು, ಇವರದೇ. ಸುಸ್ಥಿರ ಅಭಿವೃದ್ಧಿಗೆ ನೀವು ಬಾಯಿಪಾಠ ಮಾಡುವ ವ್ಯಾಖ್ಯೆ, ಗ್ರೋ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು 1987ರಲ್ಲಿ ಕೊಟ್ಟ ವರದಿಯದು. ಭಾರತದ ನಾಗೇಂದ್ರ ಸಿಂಗ್ ಆ ಆಯೋಗದ ಸದಸ್ಯರಲ್ಲೊಬ್ಬರು. ವರದಿ ಹೊರಬಂದಾಗ ಗ್ರೋ ಮತ್ತೆ ಪ್ರಧಾನಿಯಾಗಿದ್ದರು. 1986ರ ಮೇ ತಿಂಗಳಲ್ಲಿ ರಚಿಸಿದ ಆ ಎರಡನೆಯ ಸಂಪುಟದ 18 ಮಂದಿಯಲ್ಲಿ ಅವರೂ ಸೇರಿ 8 ಮಂದಿ ಮಹಿಳೆಯರಿದ್ದರು.